ನಮ್ಮ ಹತ್ರ ಪೇಪರ್ ಇದೆ ಮೇಡಂ

ಮೊನ್ನೆ ಆಫೀಸಿನ ಗೋಡೌನ್ ಖಾಲಿ ಮಾಡುವಾಗ ಆ ಕಟ್ಟು ಮತ್ತೆ ಕಣ್ಣಿಗೆ ಬಿತ್ತು. 500 ಸಿಡಿ ಕವರ್. ಪ್ರೆಸ್ಸಿನವರು ಸುತ್ತಿಕೊಟ್ಟ ಕಂದು ಕಾಗದವನ್ನು ಯಾರೂ ಬಿಚ್ಚಿರಲಿಲ್ಲ. ಹೊಸದಾಗಿ ಸೇರಿದ ಹುಡುಗ "ಇದನ್ನೂ ತೂಕಕ್ಕೆ ಹಾಕಲಾ ಸರ್?" ಎಂದ. ಬೇಡ, ಶ್ರೆಡ್ ಮಾಡಿಸು ಎಂದೆ. ಇವನ್ನು ಶ್ರೆಡ್ ಮಾಡಿಸ್ತೀವಿ ಅಂತ ಒಬ್ಬರಿಗೆ ಮಾತು ಕೊಟ್ಟು ಎರಡು ವರ್ಷ ಆಗಿತ್ತು.

ನಮ್ಮದು ಬೆಂಗಳೂರಿನ ಸಣ್ಣ ಡಿಸೈನ್ ಆಫೀಸು. ಆಲ್ಬಂ ಕವರ್, ಲಿರಿಕ್ ವಿಡಿಯೋ, ಪೋಸ್ಟರ್, ಯಾರೂ ಸಿಗದಿದ್ದರೆ ಮದುವೆ ಕಾರ್ಡ್ ಕೂಡ. ಆ ಕವರ್ ಮಾಡಿಸಿದ ಬ್ಯಾಂಡಿನ ಮೊದಲ ಆಲ್ಬಂ ಕಾಲೇಜು ಹುಡುಗರ ಬಾಯಲ್ಲಿ ಚೆನ್ನಾಗಿ ಓಡಿತ್ತು. ಎರಡನೆಯದಕ್ಕೆ ನಾಲ್ಕೂ ಜನ ಹೆದರಿದ್ದರು. ಹಾಡು ಮುಗಿದಿದ್ದವು, ಆದರೂ ಮಿಕ್ಸ್ ಬದಲಾಯಿಸುತ್ತಲೇ ಇದ್ದರು. ಆ ಹೆದರಿಕೆಯೆಲ್ಲ ಕೊನೆಗೆ ಕವರ್ ಮೇಲೆ ಬಂತು. ಹಾಡಿನ ಬಗ್ಗೆ ಧೈರ್ಯ ಇಲ್ಲದಿದ್ದಾಗ ಎಲ್ಲ ಬ್ಯಾಂಡುಗಳೂ ಫಾಂಟ್ ಬಗ್ಗೆ ಜಗಳ ಆಡುತ್ತವೆ.

ಕವರ್ ಹೇಗಿರಬೇಕು ಅಂತ ಮಾದರಿ ಚಿತ್ರ ಜೋಡಿಸುವ ಮೂಡ್‌ಬೋರ್ಡ್ ಮೀಟಿಂಗಿನಲ್ಲಿ ಕೀಬೋರ್ಡ್ ಹುಡುಗ ಫೋನ್ ತಿರುಗಿಸಿ ತೋರಿಸಿದ. "ಈ ತರ ಬೇಕು." ವ್ಯಾಂಪೈರ್ ವೀಕೆಂಡ್ ಬ್ಯಾಂಡಿನ 'ಕಾಂಟ್ರಾ'.

ನನಗೆ ಆ ಆಲ್ಬಂ ಚೆನ್ನಾಗಿ ಗೊತ್ತು. ನ್ಯೂಯಾರ್ಕಿನ ಕೊಲಂಬಿಯಾ ಯೂನಿವರ್ಸಿಟಿಯಲ್ಲಿ ಓದುವಾಗ ಜೊತೆಯಾದ ನಾಲ್ವರ ಬ್ಯಾಂಡು ಅದು. 2008ರ ಮೊದಲ ಆಲ್ಬಂಗೆ ಹೊಗಳಿಕೆ, ಬೈಗುಳ ಎರಡೂ ಸಿಕ್ಕಿದ್ದವು. ಇಸ್ತ್ರಿ ಶರ್ಟಿನ ಹುಡುಗರು ಆಫ್ರಿಕಾದ ಗಿಟಾರ್ ಶೈಲಿ ಎತ್ತಿಕೊಂಡು ಮೆರೀತಿದ್ದಾರೆ ಅನ್ನೋದು ಬೈಗುಳ. ಹೆದರಿ ಸುಮ್ಮನಾಗಬಹುದಿತ್ತು, ಆಗಲಿಲ್ಲ. 2010ರ ಜನವರಿಯಲ್ಲಿ ಹತ್ತು ಹಾಡಿನ 'ಕಾಂಟ್ರಾ' ಬಂತು. ಕೀಬೋರ್ಡು, ಎಲೆಕ್ಟ್ರಾನಿಕ್ ಸದ್ದು ಮೊದಲಿಗಿಂತ ಜಾಸ್ತಿ. ಒಂದು ಹಾಡಿನಲ್ಲಿ ದನಿಯನ್ನು ಕಂಪ್ಯೂಟರಿನಲ್ಲಿ ತಿದ್ದುವ ಆಟೋಟ್ಯೂನ್. ಇನ್ನೊಂದರಲ್ಲಿ ಬ್ರಿಟನ್ನಿನ ಗಾಯಕಿ ಎಂ.ಐ.ಎ. ಹಾಡಿನ ತುಣುಕು, ಜಮೈಕಾದ ಟೂಟ್ಸ್ ಅಂಡ್ ದ ಮೇಟಲ್ಸ್ ತಂಡದ ತುಣುಕು, ಎರಡನ್ನೂ ಕಲಸಿದ್ದರು. ಎಕ್ಸ್ಎಲ್ ಅನ್ನುವ ಸ್ವತಂತ್ರ ಲೇಬಲ್ಲಿನಿಂದ ಬಂದ ಆಲ್ಬಂ, ಅಮೆರಿಕದಲ್ಲಿ ಮೊದಲ ವಾರವೇ ಸುಮಾರು 1,24,000 ಮಾರಾಟವಾಗಿ ಬಿಲ್‌ಬೋರ್ಡ್ ಪಟ್ಟಿಯ ತುದಿಗೆ ಹೋಯಿತು. ವಿಮರ್ಶಕರಲ್ಲಿ ಹೆಚ್ಚಿನವರು ಮೆಚ್ಚಿದರು. ಮೊದಲಿನ ಬೈಗುಳ ಮಾತ್ರ ಪೂರ್ತಿ ನಿಲ್ಲಲಿಲ್ಲ.

ಆದರೆ ಜನಕ್ಕೆ ನೆನಪಿರೋದು ಕವರ್. ಹಳೇ ಪೋಲರಾಯ್ಡ್ ಫೋಟೋ. ಕಾಲರ್ ಇರುವ ಹಳದಿ ಟೀ ಶರ್ಟಿನ ಹುಡುಗಿ, ಬಾಯಿ ಸ್ವಲ್ಪ ತೆರೆದಿದೆ, ಹೆದರಿದ್ದಾಳೋ ಜಂಬವೋ ಹೇಳೋಕಾಗಲ್ಲ. ಯಾರಿವಳು ಅಂತ ಎಲ್ಲರಿಗೂ ಕುತೂಹಲ. ಅದೇ ವರ್ಷ ಜುಲೈನಲ್ಲಿ ಉತ್ತರ ಬಂತು. ಆಕೆ ಒಬ್ಬ ಮಾಜಿ ಮಾಡೆಲ್. ನನ್ನನ್ನು ಕೇಳದೆ ನನ್ನ ಮುಖ ಬಳಸಿದ್ದಾರೆ ಅಂತ ಬ್ಯಾಂಡು, ಲೇಬಲ್ಲು, ಫೋಟೋ ಕೊಟ್ಟವರು ಎಲ್ಲರ ಮೇಲೂ 20 ಲಕ್ಷ ಡಾಲರಿನ ಕೇಸು ಹಾಕಿದರು. ಬ್ಯಾಂಡಿನವರೇನೂ ಕದ್ದಿರಲಿಲ್ಲ. ಫೋಟೋಗೆ 5,000 ಡಾಲರ್ ಕೊಟ್ಟಿದ್ದರು, ಮಾಡೆಲ್ ಸಹಿ ಇದೆ ಅನ್ನುವ ಕಾಗದವೂ ಇತ್ತು. ಆ ಸಹಿ ನನ್ನದಲ್ಲ ಅಂದರು ಆಕೆ. ಆ ಫೋಟೋ ತೆಗೆದದ್ದು ಯಾರು ಅನ್ನೋದರಲ್ಲೇ ತಕರಾರು ಎದ್ದಿತು. 2011ರಲ್ಲಿ ಬ್ಯಾಂಡು, ಲೇಬಲ್ಲು ರಾಜಿ ಮಾಡಿಕೊಂಡವು, ಎಷ್ಟಕ್ಕೆ ಅಂತ ಹೊರಗೆ ಬರಲಿಲ್ಲ.

ಈಗ ನನ್ನ ಬುದ್ಧಿವಂತಿಕೆ ನೋಡಿ. ಈ ಕತೆಯೆಲ್ಲ ಆವತ್ತೇ ನನಗೆ ಗೊತ್ತಿತ್ತು. ಮೀಟಿಂಗಿನಲ್ಲಿ ತಮಾಷೆಯಾಗಿ ಹೇಳಿಯೂ ಬಿಟ್ಟೆ. ಎಲ್ಲರೂ ನಕ್ಕರು. "ಅದು ಅಮೆರಿಕ ಕಣ್ರೋ, ಇಲ್ಲಿ ಯಾರು ಕೇಸು ಹಾಕ್ತಾರೆ?" ಅಂದವನೂ ನಾನೇ.

ಮುಂದಿನ ವಾರ ಮೈಸೂರಿಗೆ ಹೋದೆ. ಅಲ್ಲೊಂದು ಹಳೇ ಫೋಟೋ ಸ್ಟುಡಿಯೋ ಬಾಗಿಲು ಹಾಕುತ್ತಿತ್ತು. ಮಾಲೀಕರ ಮಗ ನೆಗೆಟಿವ್ ಡಬ್ಬಗಳನ್ನು ಗುಜರಿಗೆ ಹಾಕುವವರಿದ್ದರು. ಮೂರು ಗಂಟೆ ನೆಲದ ಮೇಲೆ ಕೂತು ಹುಡುಕಿದೆ. 1984 ಅಂತ ಬರೆದ ಲಕೋಟೆಯಲ್ಲಿ ಒಬ್ಬ ಹುಡುಗಿ. ಹಿಂದೆ ಬಣ್ಣ ಬಳಿದ ತೋಟದ ಪರದೆ, ಪಕ್ಕದಲ್ಲಿ ಪ್ಲಾಸ್ಟಿಕ್ ಹೂದಾನಿ, ಜಡೆಯನ್ನು ಮುಂದಕ್ಕೆ ಹಾಕಿದ್ದಾಳೆ. ಕಣ್ಣು ಕ್ಯಾಮೆರಾ ಕಡೆ ಇಲ್ಲ, ಪಕ್ಕದಲ್ಲಿ ನಿಂತ ಯಾರನ್ನೋ ನೋಡುತ್ತಿದೆ. ನೋಡಿದ ತಕ್ಷಣ ಇದೇ ಅನ್ನಿಸಿತು. ಎಂಟು ಸಾವಿರ ಕೊಟ್ಟು, "ಈ ನೆಗೆಟಿವ್ ಮೇಲಿನ ಎಲ್ಲ ಹಕ್ಕನ್ನೂ ಕೊಟ್ಟಿದ್ದೇವೆ" ಅಂತ ಸ್ಟುಡಿಯೋದ ಲೆಟರ್‌ಹೆಡ್ಡಿನಲ್ಲಿ ಬರೆಸಿಕೊಂಡು ಬಂದೆ. ಬಸ್ಸಿನಲ್ಲಿ ಆ ಕಾಗದವನ್ನು ಮಡಚದ ಹಾಗೆ ತೊಡೆ ಮೇಲೆ ಇಟ್ಟುಕೊಂಡಿದ್ದೆ.

ಬ್ಯಾಂಡು ಕುಣಿದಾಡಿತು. ಆಡಿಯೋ ಕಂಪನಿಯ ಲಾಯರ್ ಒಂದೇ ಸಾಲಿನ ಮೇಲ್ ಹಾಕಿದ್ದರು: "ಮಾಡೆಲ್ ರಿಲೀಸ್ ಇದೆಯಾ?" ನಾನು "ಇದೆ, ಅಟ್ಯಾಚ್ ಮಾಡಿದ್ದೇನೆ" ಅಂತ ಸ್ಟುಡಿಯೋ ಕಾಗದದ ಸ್ಕ್ಯಾನ್ ಕಳಿಸಿದೆ. ಅದು ಮಾಡೆಲ್ ರಿಲೀಸ್ ಅಲ್ಲ; ಅದಕ್ಕೆ ನನ್ನ ಫೋಟೋ ಬಳಸಿಕೊಳ್ಳಿ ಅಂತ ಫೋಟೋದಲ್ಲಿರುವವರೇ ಸಹಿ ಹಾಕಿರಬೇಕು. ನನಗೆ ಅರ್ಧ ಗೊತ್ತಿತ್ತು, ಅರ್ಧ ಗೊತ್ತಾಗೋದು ಬೇಡವಾಗಿತ್ತು. ಲಾಯರ್ ಅಟ್ಯಾಚ್‌ಮೆಂಟ್ ತೆರೆಯಲಿಲ್ಲ. ಅಪ್ರೂವ್ಡ್. 3000 ಬೈ 3000 ಪಿಕ್ಸೆಲ್ಲಿನ ಫೈಲು, ಹಾಡುಗಳನ್ನು ಆ್ಯಪ್‌ಗಳಿಗೆ ತಲುಪಿಸುವ ಡಿಸ್ಟ್ರಿಬ್ಯೂಟರಿಗೆ ಹೋಯಿತು, ಆಲ್ಬಂ ಬರುವ ಮೊದಲೇ ಸೇವ್ ಮಾಡಿಟ್ಟುಕೊಳ್ಳುವ ಪ್ರೀ-ಸೇವ್ ಲಿಂಕು ಹೊರಟಿತು, ಕವರ್ ಪ್ರಿಂಟಿಗೆ ಹೋಯಿತು.

ಶುಕ್ರವಾರ ರಿಲೀಸು. ಬುಧವಾರ ರಾತ್ರಿ ಹತ್ತಕ್ಕೆ ಫೋನ್ ಬಂತು. ಯಾರೋ ಬ್ಯಾಂಡಿನ ಇನ್‌ಸ್ಟಾಗ್ರಾಂಗೆ ಮೆಸೇಜ್ ಹಾಕಿದ್ದರಂತೆ. ಮ್ಯಾನೇಜರ್ ನನ್ನ ನಂಬರ್ ಕೊಟ್ಟು ಕೈ ತೊಳೆದುಕೊಂಡಿದ್ದ.

"ಆ ಫೋಟೋ ಹಾಕಿದೋರು ನೀವೇನಪ್ಪ?"

ಹೌದು ಮೇಡಂ ಎಂದೆ.

"ಅದರಲ್ಲಿರೋದು ನಾನು."

ಆಗ ನಾನು ಏನು ಬೇಕಾದರೂ ಹೇಳಬಹುದಿತ್ತು. ಹೌದಾ ಅನ್ನಬಹುದಿತ್ತು. ಕ್ಷಮಿಸಿ ಅನ್ನಬಹುದಿತ್ತು. ನನ್ನ ಬಾಯಿಂದ ಬಂದದ್ದು: "ನಮ್ಮ ಹತ್ರ ಪೇಪರ್ ಇದೆ ಮೇಡಂ."

ಆ ಕಡೆ ಮಾತಿಲ್ಲ. ಟಿವಿ ಸದ್ದು ಕೇಳುತ್ತಿತ್ತು, ಯಾರೋ ಅದನ್ನು ಆರಿಸಿದರು. ಒಂದು ನಿಮಿಷ ಆಗಿರಬೇಕು. ನಾನು ಲ್ಯಾಪ್‌ಟಾಪಿನಲ್ಲಿ ಆ ಸ್ಕ್ಯಾನ್ ತೆರೆದು, ಅದರಲ್ಲಿ ಆಕೆಯ ಹೆಸರು ಎಲ್ಲಾದರೂ ಇದೆಯಾ ಅಂತ ಹುಡುಕುತ್ತಿದ್ದೆ. ಇರಲಿಲ್ಲ. ಇರುವುದಕ್ಕೆ ಸಾಧ್ಯವೂ ಇರಲಿಲ್ಲ. ನನಗೆ ಅವರ ಹೆಸರೇ ಗೊತ್ತಿರಲಿಲ್ಲ.

"ಯಾರು ಕೊಟ್ಟ ಪೇಪರಪ್ಪ?" ಅಂದರು. ಸಿಟ್ಟಿನ ದನಿ ಅಲ್ಲ, ನಿಜವಾಗಿ ಕೇಳುತ್ತಿದ್ದರು.

ಸ್ಟುಡಿಯೋ ಅಂದೆ. ಆಮೇಲೆ ಅವರೇ ಹೇಳಿದರು. ಗಂಡಿನ ಕಡೆಯವರಿಗೆ ಕಳಿಸೋಕೆ ತೆಗೆಸಿದ ಫೋಟೋ ಅದು. ಕ್ಯಾಮೆರಾ ಪಕ್ಕ ನಿಂತಿದ್ದು ಅವರ ಅಪ್ಪ. ನೆಟ್ಟಗೆ ಕೂತ್ಕೋ ಅಂತ ಬೈಯುತ್ತಿದ್ದರಂತೆ. ಫೋಟೋ ಹೋಯಿತು, ಆ ಸಂಬಂಧ ಕೂಡಿ ಬರಲಿಲ್ಲ, ಫೋಟೋ ವಾಪಸ್ ಬಂತು. "ಅವರು ಬೇಡ ಅಂದ ಫೋಟೋನ ನಮ್ಮ ಮಗು ಫೋನಲ್ಲಿ ತಂದು ತೋರಿಸ್ತು. ಯಾರೋ ಕೆಳಗೆ ಏನೇನೋ ಬರೆದಿದಾರೆ."

ಕಾಮೆಂಟುಗಳನ್ನು ನಾನೂ ಓದಿದ್ದೆ. ಓದಿ ಖುಷಿಪಟ್ಟಿದ್ದೆ. ಕವರ್ ಹಿಟ್ ಆಗಿದೆ ಅಂತ ಗ್ರೂಪಿಗೆ ಸ್ಕ್ರೀನ್‌ಶಾಟ್ ಹಾಕಿದ್ದೆ.

"ತೆಗೀತೀವಿ ಅಮ್ಮ" ಎಂದೆ. ಅದನ್ನು ಹೇಳೋಕೆ ಹನ್ನೊಂದು ನಿಮಿಷ ತಗೊಂಡಿದ್ದೆ. ಕಾಲ್ ಲಾಗ್‌ನಲ್ಲಿದೆ.

ತೆಗೆಯೋದು ಅಷ್ಟು ಸುಲಭವೂ ಆಗಲಿಲ್ಲ. ಡಿಸ್ಟ್ರಿಬ್ಯೂಟರ್ ಸಪೋರ್ಟಿನಲ್ಲಿ ಮನುಷ್ಯರೇ ಇಲ್ಲ, ಟಿಕೆಟ್ ಹಾಕಿದರೆ ಬಾಟ್ ಬಂದು ನಿಮ್ಮ ಯುಪಿಸಿ, ಅಂದರೆ ಆಲ್ಬಂನ ಬಾರ್‌ಕೋಡ್ ನಂಬರ್, ಏನು ಅಂತ ಕೇಳುತ್ತದೆ. ರಾತ್ರಿ ಎರಡಕ್ಕೆ ಬರೀ ಹಳದಿ ಬಣ್ಣ, ಮಧ್ಯೆ ಬ್ಯಾಂಡಿನ ಹೆಸರು, ಅಷ್ಟೇ ಮಾಡಿ ಅಪ್‌ಲೋಡ್ ಮಾಡಿದೆ. ಬ್ಯಾಂಡಿನವರ ಜೊತೆ ಅರ್ಧ ಗಂಟೆ ಜಗಳ. ಗಿಟಾರಿನವಳು ಮಾತ್ರ "ನಮ್ಮಮ್ಮನ ಫೋಟೋ ಆಗಿದ್ದರೆ?" ಅಂದಳು, ಜಗಳ ನಿಂತಿತು. ಹೆಚ್ಚಿನ ಆ್ಯಪ್‌ಗಳಲ್ಲಿ ಶುಕ್ರವಾರಕ್ಕೆ ಹೊಸ ಕವರ್ ಬಂತು. ಒಂದರಲ್ಲಿ ಮಾತ್ರ ಒಂಬತ್ತು ದಿನ ಹಳೆಯದೇ ಕಾಣುತ್ತಿತ್ತು. ಆ ಒಂಬತ್ತು ದಿನವೂ ಬೆಳಿಗ್ಗೆ ಎದ್ದು ಮೊದಲು ನೋಡುತ್ತಿದ್ದುದು ಅದನ್ನೇ.

ಲಾಯರ್ ಆಮೇಲೆ ಫೋನ್ ಮಾಡಿ ಇನ್ನೊಂದು ವಿಷಯ ಹೇಳಿದರು. 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ದುಡ್ಡು ಕೊಟ್ಟು ಹೇಳಿ ತೆಗೆಸಿದ ಫೋಟೋದ ಮೊದಲ ಹಕ್ಕು ತೆಗೆಸಿದವರದ್ದು, ಬೇರೆ ಒಪ್ಪಂದ ಇಲ್ಲದಿದ್ದರೆ. ಅಂದರೆ ಆವತ್ತು ದುಡ್ಡು ಕೊಟ್ಟ ಆ ಅಪ್ಪನದ್ದು. ಸ್ಟುಡಿಯೋದವರು ತಮ್ಮದಲ್ಲದ್ದನ್ನು ನನಗೆ ಮಾರಿದ್ದರು, ನಾನು ಅದನ್ನು ತೊಡೆ ಮೇಲೆ ಇಟ್ಟುಕೊಂಡು ತಂದಿದ್ದೆ. ಈ ಪಾಠ ಅಟ್ಯಾಚ್‌ಮೆಂಟ್ ತೆರೆದು ಮೊದಲೇ ಹೇಳಬಹುದಿತ್ತಲ್ವಾ ಅಂತ ಕೇಳಬೇಕು ಅನ್ನಿಸಿತು. ಕೇಳಲಿಲ್ಲ. ಕೇಳುವ ಮುಖ ನನಗೆಲ್ಲಿತ್ತು?

ನಮ್ಮ ಬಾಸ್ ಇದರಿಂದ ಕಲಿತದ್ದು ಒಂದು ಎಕ್ಸೆಲ್ ಶೀಟು. ಹದಿನಾಲ್ಕು ಕಾಲಂ. ಲೈಸೆನ್ಸ್ ಟೈಪ್, ಎಕ್ಸ್‌ಪೈರಿ, ಟೆರಿಟರಿ. ಫೋಟೋದಲ್ಲಿರುವವರ ಜೊತೆ ಮಾತಾಡಿದಿರಾ ಅನ್ನೋ ಕಾಲಂ ಇವತ್ತಿಗೂ ಇಲ್ಲ. ಸೇರಿಸಿ ಅಂತ ಎರಡು ಸಲ ಮೇಲ್ ಹಾಕಿದ್ದೇನೆ.

ಆಲ್ಬಂ ಏನಾಯಿತು ಅಂತೀರಾ? ಪರವಾಗಿಲ್ಲ, ಓಡಿತು. ಮೊದಲಿನಷ್ಟು ಅಲ್ಲ. ಒಬ್ಬರು ಬರೆದ ರಿವ್ಯೂನಲ್ಲಿ, ಮುಖವಿಲ್ಲದ ಆ ಖಾಲಿ ಹಳದಿ ಕವರ್ ಬ್ಯಾಂಡಿನ ಹೊಸ ಆತ್ಮವಿಶ್ವಾಸದ ಗುರುತು ಅಂತಿತ್ತು. ಬಾಸ್ ಅದನ್ನು ಪ್ರಿಂಟ್ ತೆಗೆದು ರಿಸೆಪ್ಷನ್ನಿನಲ್ಲಿ ಅಂಟಿಸಿದರು.

ನೆಗೆಟಿವ್ ತಗೊಂಡು ಹೋಗೋಕೆ ಆ ಅಮ್ಮ ಬರಲಿಲ್ಲ. ಅವರ ಅಕ್ಕನ ಮಗ ಬಂದಿದ್ದರು. ಟೀ ಬೇಡ ಅಂದರು, ನಿಂತೇ ಇದ್ದರು. ಲಕೋಟೆ ಕೊಟ್ಟೆ. ಎಂಟು ಸಾವಿರದ ಲೆಕ್ಕ ಮುಚ್ಚೋಕೆ ಅಕೌಂಟ್ಸಿನವರಿಗೆ ರಸೀದಿ ಬೇಕಿತ್ತು. ಸಂಕೋಚ ಪಡುತ್ತಲೇ ಇಲ್ಲೊಂದು ಸಹಿ ಬೇಕಿತ್ತು ಸರ್ ಎಂದೆ. ಅವರು ಕಾಗದವನ್ನು ಎರಡು ಸಲ ಓದಿದರು. ಆಮೇಲೆ ಹೊರಗೆ ಮೆಟ್ಟಿಲ ಹತ್ತಿರ ಹೋಗಿ ಫೋನ್ ಮಾಡಿದರು. "ಚಿಕ್ಕಮ್ಮ, ಇವರೇನೋ ಸಹಿ ಕೇಳ್ತಿದಾರೆ. ಹಾಕ್ಲಾ?"