ಬಾಗಿಲು ತೆಗೆಯದವರ ಮತ

2015ರ ಮೇ 7ರ ರಾತ್ರಿ ಹತ್ತು ಗಂಟೆಗೆ ಬ್ರಿಟನ್ನಿನ ಮತಗಟ್ಟೆ ಸಮೀಕ್ಷೆ ಪ್ರಕಟವಾದಾಗ, ಲಿಬರಲ್ ಡೆಮಾಕ್ರಾಟ್ ಪಕ್ಷದ ಹಿರಿಯ ಪ್ಯಾಡಿ ಆಶ್‌ಡೌನ್, ಈ ಲೆಕ್ಕ ನಿಜವಾದರೆ ತಮ್ಮ ಟೋಪಿಯನ್ನು ಎಲ್ಲರೆದುರೇ ತಿನ್ನುವುದಾಗಿ ಹೇಳಿದರು. ಸಮೀಕ್ಷೆ ಅವರ ಪಕ್ಷಕ್ಕೆ 10 ಸ್ಥಾನ ಕೊಟ್ಟಿತ್ತು. ಬೆಳಗಾಗುವಾಗ ಸಿಕ್ಕಿದ್ದು 8. ಅವರ ಅಪನಂಬಿಕೆಗೆ ಕಾರಣವಿತ್ತು. ಕನ್ಸರ್ವೇಟಿವ್ ಮತ್ತು ಲೇಬರ್ ಸಮಬಲದಲ್ಲಿವೆ ಎಂದೇ ವಾರಗಟ್ಟಲೆ ಜನಮತ ಸಮೀಕ್ಷೆಗಳು ಸಾರಿದ್ದವು. ಫಲಿತಾಂಶದಲ್ಲಿ ಕನ್ಸರ್ವೇಟಿವ್ ಆರೂವರೆ ಶೇಕಡಾ ಅಂಶಗಳಷ್ಟು ಮುಂದಿತ್ತು.

1992ರಲ್ಲಿಯೂ ಹೀಗೇ ಆಗಿತ್ತು. ಆಗ ಕೇಳಿಬಂದ ಸಮಜಾಯಿಷಿಗಳಲ್ಲಿ ಜನಪ್ರಿಯವಾದದ್ದು ‘ನಾಚಿಕೆಯ ಟೋರಿ’, ಅಂದರೆ ಕನ್ಸರ್ವೇಟಿವ್‌ಗೆ ಮತ ಹಾಕಿಯೂ ಅದನ್ನು ಬಾಯಿಬಿಟ್ಟು ಹೇಳದ ಮತದಾರ. ನನಗೆ ಈ ವಿವರಣೆ ಎಂದೂ ಒಪ್ಪಿಗೆಯಾಗಿರಲಿಲ್ಲ. 2015ರ ಎಡವಟ್ಟಿನ ಕುರಿತು ಪ್ರೊ. ಪ್ಯಾಟ್ರಿಕ್ ಸ್ಟರ್ಗಿಸ್ ಅವರ ಅಧ್ಯಕ್ಷತೆಯಲ್ಲಿ ನಡೆದ ತನಿಖೆ ಮರುವರ್ಷ ವರದಿ ಕೊಟ್ಟಾಗ, ಜನ ಸುಳ್ಳು ಹೇಳಿರಲಿಲ್ಲ, ಪ್ರಶ್ನೆ ಕೇಳಲು ಆರಿಸಿಕೊಂಡ ಜನರೇ ದೇಶವನ್ನು ಪ್ರತಿನಿಧಿಸುತ್ತಿರಲಿಲ್ಲ ಎಂಬುದು ಸ್ಪಷ್ಟವಾಯಿತು.

ಇದನ್ನು ಅರಿಯಲು ನಾನು ದೂರ ಹೋಗಬೇಕಿಲ್ಲ. ಭಾರತದ ಪಾಸ್‌ಪೋರ್ಟ್ ಇದ್ದರೂ ಕಾಮನ್‌ವೆಲ್ತ್ ಪ್ರಜೆಗಳಾದ್ದರಿಂದ ಬ್ರಿಟನ್ನಿನಲ್ಲಿರುವ ನನಗೂ ನನ್ನ ಹೆಂಡತಿಗೂ ಮತದಾನದ ಹಕ್ಕಿದೆ. ನಾನು ಒಂದು ಆನ್‌ಲೈನ್ ಸಮೀಕ್ಷಾ ಕಂಪನಿಯ ಸದಸ್ಯ. ರೈಲ್ವೆಯಿಂದ ಹಿಡಿದು ರಾಜಮನೆತನದವರೆಗೆ ಏನು ಕೇಳಿದರೂ ಪುಡಿಗಾಸಿನ ಅಂಕಗಳಿಗಾಗಿ ಉತ್ತರಿಸುತ್ತೇನೆ. ನನ್ನ ಹೆಂಡತಿ ಗುರುತಿಲ್ಲದ ನಂಬರಿನ ಕರೆಯನ್ನೇ ಎತ್ತುವುದಿಲ್ಲ. ನಮ್ಮಿಬ್ಬರ ರಾಜಕೀಯ ಒಂದೇ ಆಗಿದ್ದರೆ ಸಮೀಕ್ಷೆಗೆ ನಷ್ಟವಿರಲಿಲ್ಲ, ಆದರೆ ಅದು ಒಂದೇ ಅಲ್ಲ.

ಬ್ರಿಟಿಷ್ ಸೋಷಿಯಲ್ ಆಟಿಟ್ಯೂಡ್ಸ್ ಎಂಬ ಸಮೀಕ್ಷೆ ಈ ಕಾರಣಕ್ಕೇ ನನಗೆ ಮೆಚ್ಚು. 1983ರಲ್ಲಿ ಆರಂಭವಾದ ಇದು ಅಂಚೆ ವಿಳಾಸಗಳ ಪಟ್ಟಿಯಿಂದ ಮನೆಗಳನ್ನು ಲಾಟರಿ ಎತ್ತಿದಂತೆ ಆರಿಸಿ, ಸಿಗದವರ ಮನೆಗೆ ಮತ್ತೆ ಮತ್ತೆ ಆಳು ಕಳಿಸುತ್ತಿತ್ತು. 2015ರ ಚುನಾವಣೆಯ ನಂತರ ಅದು ಯಾರಿಗೆ ಮತ ಹಾಕಿದಿರಿ ಎಂದು ಕೇಳಿದಾಗ, ಮೊದಲ ಭೇಟಿಯಲ್ಲೇ ಸಿಕ್ಕವರಲ್ಲಿ ಲೇಬರ್ 6 ಅಂಶ ಮುಂದಿತ್ತು; ಮೂರರಿಂದ ಆರು ಸಲ ಅಲೆದ ಮೇಲಷ್ಟೇ ಸಿಕ್ಕವರಲ್ಲಿ ಕನ್ಸರ್ವೇಟಿವ್ 11 ಅಂಶ ಮುಂದಿತ್ತು. ಇಡೀ ಚುನಾವಣೆಯ ಗುಟ್ಟು ಆ ಎರಡನೆಯ, ಮೂರನೆಯ ಬಡಿತದಲ್ಲಿತ್ತು.

ಸಾಮಾಜಿಕ ವಿಷಯಗಳಲ್ಲಿ ಈ ತಾಳ್ಮೆಯ ಬೆಲೆ ಇನ್ನೂ ಹೆಚ್ಚು, ಏಕೆಂದರೆ ಅಲ್ಲಿ ಅಂದಾಜನ್ನು ಒರೆಗೆ ಹಚ್ಚಲು ಮತ ಎಣಿಕೆಯ ದಿನವೇ ಇಲ್ಲ. ಸಲಿಂಗ ಸಂಬಂಧದಲ್ಲಿ ತಪ್ಪೇನೂ ಇಲ್ಲ ಎಂದವರು 1983ರಲ್ಲಿ ಶೇ. 17, ಏಡ್ಸ್ ಭೀತಿಯ 1987ರಲ್ಲಿ ಶೇ. 11ಕ್ಕೆ ಇಳಿದು, 2016ರಲ್ಲಿ ಶೇ. 64ಕ್ಕೆ ಏರಿದರು. ಒಂದೇ ಪ್ರಶ್ನೆಯನ್ನು ದಶಕಗಳ ಕಾಲ ಕೇಳಿದ್ದರಿಂದಲೇ ಈ ಇಳಿತ ಮತ್ತು ಏರಿಕೆ ಕಣ್ಣಿಗೆ ಬಿದ್ದವು.

2024ರಲ್ಲಿ ಸಮೀಕ್ಷೆಗಳು ಲೇಬರ್ ಮುನ್ನಡೆಯನ್ನು ಮತ್ತೆ ಹಿಗ್ಗಿಸಿ ಹೇಳಿದ್ದವು. ಪಕ್ಷ 411 ಸ್ಥಾನ ಗೆದ್ದ ಸಡಗರದಲ್ಲಿ ಆ ತಪ್ಪು ಹೆಚ್ಚು ಚರ್ಚೆಗೆ ಬರಲಿಲ್ಲ. ಅತ್ತ ಕೋವಿಡ್ ಬಂದ ಮೇಲೆ ಸೋಷಿಯಲ್ ಆಟಿಟ್ಯೂಡ್ಸ್‌ನವರೂ ಮನೆಭೇಟಿ ನಿಲ್ಲಿಸಿ, ಆಯ್ದ ವಿಳಾಸಗಳಿಗೆ ಪತ್ರ ಕಳಿಸಿ, ಆನ್‌ಲೈನಿನಲ್ಲಿ ಉತ್ತರಿಸುವಂತೆ ಕೋರುತ್ತಿದ್ದಾರೆ. ಅಂಥ ಲಕೋಟೆಯೊಂದು ನಮ್ಮ ಮನೆಗೆ ಬಂದರೆ, ನನ್ನ ಹೆಂಡತಿ ಅದನ್ನು ಪಿಜ್ಜಾ ಅಂಗಡಿಯ ಕರಪತ್ರಗಳ ಜೊತೆ ರದ್ದಿಗೆ ಹಾಕುತ್ತಾಳೆ.