ತುಂಗಭದ್ರೆಯ ಜಾಡಿನಲ್ಲಿ ಎರಡು ಹುಲ್ಲುಗಾವಲು

ಮಳೆಗಾಲ ಮುಗಿದು ಹುಲ್ಲಿನ ಹಸಿರು ಇನ್ನೂ ಮಾಸದಿರುವಾಗ ಕುದುರೆಮುಖದ ಘಟ್ಟವನ್ನೂ ರಾಣೆಬೆನ್ನೂರಿನ ಬಯಲನ್ನೂ ಒಂದೇ ಪ್ರವಾಸದಲ್ಲಿ ನೋಡಿಬರಲು ಹೊರಟೆವು. ಮಳೆ, ಮಣ್ಣು, ಬೆಳೆ ಯಾವುದರಲ್ಲೂ ಹೋಲದ ಈ ಎರಡು ಸೀಮೆಗಳನ್ನು ಬೆಸೆಯುವುದು ಒಂದು ನದಿ. ಕುದುರೆಮುಖದ ಸೀಮೆಯ ಗಂಗಾಮೂಲದಲ್ಲಿ ಹುಟ್ಟುವ ತುಂಗೆ, ಭದ್ರೆಯರು ಕೂಡಲಿಯಲ್ಲಿ ಒಂದಾಗಿ ರಾಣೆಬೆನ್ನೂರು ತಾಲ್ಲೂಕಿನ ಅಂಚಿನಲ್ಲಿ ಹರಿದುಹೋಗುತ್ತಾರೆ.

ಅರಣ್ಯ ಇಲಾಖೆಯ ಅನುಮತಿ ಪಡೆದು ಮುಳ್ಳೋಡಿಯಿಂದ ಏರತೊಡಗಿದರೆ ಮೊದಲು ಎದುರಾಗುವುದು ಕತ್ತಲುಗಟ್ಟಿದ ಶೋಲಾ ಕಾಡು. ಅದನ್ನು ದಾಟಿದೊಡನೆ ಆಕಾಶದವರೆಗೂ ಬರಿಯ ಹುಲ್ಲು. ಕಣಿವೆಯ ಮಡಿಕೆಗಳಲ್ಲಿ ಮಣ್ಣು ಆಳವಾಗಿ, ತೇವ ನಿಲ್ಲುವುದರಿಂದ ಮರಗಳು ಅಲ್ಲಿಯೇ ಒತ್ತಾಗಿ ಬೆಳೆಯುತ್ತವೆ. ತೆಳುಮಣ್ಣಿನ ಇಳಿಜಾರುಗಳಲ್ಲಿ ಬಿರುಗಾಳಿಯನ್ನೂ ಬೇಸಿಗೆಯ ಬೆಂಕಿಯನ್ನೂ ತಾಳಿಕೊಳ್ಳಬಲ್ಲದ್ದು ಹುಲ್ಲು ಮಾತ್ರ. ಮುಂಗಾರಿನ ಹೊಡೆತಕ್ಕೆ ಮಣ್ಣು ಜಾರದಂತೆ ಹಿಡಿದು, ನೀರನ್ನು ಒಳಗಿಳಿಸಿ, ತಿಂಗಳುಗಟ್ಟಲೆ ತೊರೆಗಳಿಗೆ ಬಿಟ್ಟುಕೊಡುವ ಕೆಲಸದಲ್ಲಿ ಕಾಡಿನಷ್ಟೇ ಪಾಲು ಈ ಹುಲ್ಲಿಗೂ ಇದೆ. 1987ರಲ್ಲಿ ರಾಷ್ಟ್ರೀಯ ಉದ್ಯಾನವಾದ ಈ ಪ್ರದೇಶದ ಹೆಸರು ಸಿಂಗಳೀಕದೊಂದಿಗೆ ತಳುಕು ಹಾಕಿಕೊಂಡಿರುವುದು ಸರಿಯೇ. ಆದರೆ ಸಿಂಗಳೀಕವಿರುವ ಕಾಡನ್ನು ಹೊಗಳಿದವರೂ ಪಕ್ಕದ ಗುಡ್ಡವನ್ನು ‘ಬೋಳು’ ಎಂದುಬಿಡುತ್ತಾರೆ.

ಕಬ್ಬಿಣದ ಅದಿರಿನ ಗಣಿಗಾರಿಕೆ ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ನಿಂತಿತು. ಅದಿರು ತೆಗೆದುಳಿದ ಕೆಸರು ಇಂದಿಗೂ ಲಕ್ಯಾ ಅಣೆಕಟ್ಟಿನ ಹಿಂದೆ ತುಂಬಿಕೊಂಡಿದೆ. ಅಗೆದ ಬೆಟ್ಟದ ಗಾಯ ಯಾರ ಕಣ್ಣಿಗೂ ಬೀಳುತ್ತದೆ, ಅದರ ವಿರುದ್ಧ ಹೋರಾಟವೂ ನಡೆಯುತ್ತದೆ. ಹುಲ್ಲಿನ ಮೇಲೆ ಅಕೇಶಿಯಾ ನೆಟ್ಟರೆ ಮಾತ್ರ ಅದು ಹಸಿರೀಕರಣ ಎನಿಸಿಕೊಳ್ಳುತ್ತದೆ.

ಈ ತಪ್ಪು ತಿಳಿವಳಿಕೆಯ ಪೂರ್ಣರೂಪವನ್ನು ಕಂಡಿದ್ದು ಬಯಲಿಗಿಳಿದ ಮೇಲೆ. ರಾಣೆಬೆನ್ನೂರಿನಲ್ಲಿ 1974ರಲ್ಲಿ ಘೋಷಿತವಾದ, 119 ಚದರ ಕಿಲೋಮೀಟರಿನ ಕೃಷ್ಣಮೃಗ ಅಭಯಾರಣ್ಯದೊಳಗೆ ನಡೆದಷ್ಟು ದೂರವೂ ನಮ್ಮ ಜೊತೆಗಿದ್ದದ್ದು ನೀಲಗಿರಿ ನೆಡುತೋಪು. ದೂರದಿಂದಲೇ ತೋಳವನ್ನು ಗುರುತಿಸಿ ಓಡಿ ಪಾರಾಗುವ ಕೃಷ್ಣಮೃಗಕ್ಕೆ ಬೇಕಾದದ್ದು ಕಣ್ಣಿಗೆ ಅಡ್ಡಿಯಿಲ್ಲದ ಬಯಲು. ಹೀಗಾಗಿ ಹಿಂಡುಗಳು ನಮಗೆ ಕಂಡದ್ದು ತೋಪಿನ ಆಚೆ, ಗೋವಿನಜೋಳದ ಹೊಲಗಳ ಅಂಚಿನಲ್ಲಿ. ಬೆಳೆ ಕಳೆದುಕೊಳ್ಳುವ ರೈತರ ಸಿಟ್ಟಿಗೆ ಕಾರಣವಿಲ್ಲದಿಲ್ಲ. ಬರಿನೆಲದ ಮೇಲೆ ಒಂದೇ ಮೊಟ್ಟೆಯಿಡುವ ಎರ್ಲಡ್ಡು (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಗಂತೂ ಇಲ್ಲಿ ನೆಲೆಯೇ ಉಳಿದಿಲ್ಲ. ಅದನ್ನು ನೋಡಬೇಕೆಂದರೆ ಇದೇ ನದಿಯ ಕೆಳಹರಿವಿನ ಸಿರುಗುಪ್ಪದ ಕಡೆಗೆ ಹೋಗಬೇಕು, ಅಲ್ಲಿಯೂ ಬೆರಳೆಣಿಕೆಯಷ್ಟು.

ರಾಜ್ಯ ಸರ್ಕಾರ 2017ರಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಆದರೆ ನೆಟ್ಟಿರುವ ಮರವನ್ನು ಕಡಿದರೂ ಬುಡದಿಂದ ಮತ್ತೆ ಚಿಗುರುತ್ತದೆ. ಬೇರುಸಹಿತ ಕಿತ್ತು, ಆ ಜಾಗಕ್ಕೆ ನುಗ್ಗುವ ಲಂಟಾನ ಕಳೆಯನ್ನು ವರ್ಷ ವರ್ಷವೂ ತೆಗೆದು, ಊರಿನ ದನಕರುಗಳ ಮೇವಿಗೂ ಅಲ್ಲಿ ಪಾಲಿಟ್ಟರಷ್ಟೇ ಹುಲ್ಲು ಮರಳೀತು. ಸಸಿ ನೆಡುವ ಲೆಕ್ಕ ತೋರಿಸಿ ಅನುದಾನ ಪಡೆಯುವ ಪದ್ಧತಿಯಲ್ಲಿ, ಮರ ತೆಗೆಯುವ ಈ ಕೆಲಸವನ್ನು ಯಾವ ಕಾಲಂನಲ್ಲಿ ಬರೆಯುತ್ತಾರೋ!