ಇಪ್ಪತ್ತರ ವಯಸ್ಸು, 53 ಅಡಿ ಟ್ರೈಲರ್

‘ಕೆನಡಾದಲ್ಲಿ ಟ್ರಕ್ ಓಡಿಸಬೇಕು, ಏನು ಮಾಡಲಿ?’ ಅಂತ ಊರ ಕಡೆಯ ಹುಡುಗರು ಆಗಾಗ ಕೇಳುತ್ತಾರೆ. ನಾನು ಶುರು ಮಾಡಿದಾಗ ನನಗೂ 20 ವರ್ಷ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅಪ್ಪ ಅಮ್ಮನ ಜೊತೆ ಕೆನಡಾದ ಒಂಟಾರಿಯೋ ಪ್ರಾಂತ್ಯದ ಬ್ರಾಂಪ್ಟನ್‌ಗೆ ಬಂದಾಗ ನನಗೆ 16. ಇಲ್ಲಿ 18 ತುಂಬಿದ ಮೇಲೆ ದೊಡ್ಡ ಟ್ರಕ್ಕಿನ ಎ ಕ್ಲಾಸ್ ಲೈಸೆನ್ಸ್‌ಗೆ ಹೋಗಬಹುದು. ಅಷ್ಟರಲ್ಲಿ ಕಾರಿನ ಪೂರ್ತಿ ಲೈಸೆನ್ಸ್ ಕೈಗೆ ಬಂದಿರಬೇಕು. 2017ರ ಜುಲೈನಿಂದ ಕನಿಷ್ಠ 103.5 ಗಂಟೆಯ ತರಬೇತಿಯೂ ಕಡ್ಡಾಯ. ಮೊದಲ ದಿನವೇ ನಮ್ಮ ಮೇಷ್ಟ್ರು ಹಂಬೋಲ್ಟ್ ಅಪಘಾತದ ಬಗ್ಗೆ ಹೇಳಿದರು. 2018ರ ಏಪ್ರಿಲ್‌ನಲ್ಲಿ ಸಸ್ಕಾಚೆವನ್ ಪ್ರಾಂತ್ಯದ ಒಂದು ಅಡ್ಡರಸ್ತೆಯಲ್ಲಿ ಹಾಕಿ ಆಡುವ ಹುಡುಗರ ಬಸ್ಸಿಗೂ ಒಂದು ಟ್ರಕ್ಕಿಗೂ ಡಿಕ್ಕಿಯಾಯಿತು. 16 ಜನ ತೀರಿಹೋದರು. ಟ್ರಕ್ ಓಡಿಸುತ್ತಿದ್ದವನು ಆ ಕೆಲಸಕ್ಕೆ ಸೇರಿ ಕೆಲವೇ ವಾರ ಆಗಿತ್ತು. ಕ್ಲಾಸಿನಲ್ಲಿ ಯಾರೂ ಮಾತಾಡಲಿಲ್ಲ. ನಾವೆಲ್ಲರೂ ಹೊಸಬರೇ ಅಲ್ವಾ.

ಗೇರು ಹೇಗೋ ಬಂತು. ಗಾಳಿಯ ಒತ್ತಡದಿಂದ ಕೆಲಸ ಮಾಡುವ ಏರ್ ಬ್ರೇಕ್ ಅರ್ಥವಾಗಲು ಹೊತ್ತು ಹಿಡಿಯಿತು. ಇದರಲ್ಲಿ ಪಾರ್ಕಿಂಗ್ ಬ್ರೇಕನ್ನು ಬಿಡಿಸಿ ಇಡುವುದೇ ಗಾಳಿ. ಗಾಳಿ ಸೋರಿಹೋದರೆ ಒಳಗಿನ ಸ್ಪ್ರಿಂಗ್ ತಾನಾಗಿ ಚಕ್ರವನ್ನು ಕಚ್ಚಿಕೊಳ್ಳುತ್ತದೆ. ನಿಜವಾಗಿ ಕಣ್ಣಲ್ಲಿ ನೀರು ತರಿಸಿದ್ದು ರಿವರ್ಸ್. ಸ್ಟಿಯರಿಂಗ್ ಬಲಕ್ಕೆ ತಿರುಗಿಸಿದರೆ ಹಿಂದೆ ಜೋಡಿಸಿದ ಟ್ರೈಲರಿನ ಹಿಂಬದಿ ಎಡಕ್ಕೆ ಹೋಗುತ್ತದೆ. ಜಾಸ್ತಿ ತಿರುಗಿಸಿದರೆ ಟ್ರಕ್ಕೂ ಟ್ರೈಲರೂ ಚಾಕುವಿನ ಹಾಗೆ ಮಡಚಿಕೊಳ್ಳುತ್ತವೆ. ‘ಅನುಮಾನ ಬಂತಾ? ನಿಲ್ಲಿಸು, ಇಳಿದು ನೋಡು’ ಅಂತ ಮೇಷ್ಟ್ರು ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು. ಉಳಿದವರು ನೋಡುತ್ತಿರುವಾಗ ನಾಲ್ಕು ಸಲ ಇಳಿದು ಹತ್ತಲು ನನಗೆ ನಾಚಿಕೆಯಾಗುತ್ತಿತ್ತು. ಆ ನಾಚಿಕೆ ಹೋಗುವವರೆಗೂ ರಿವರ್ಸ್ ಬರಲಿಲ್ಲ.

ಲೈಸೆನ್ಸ್ ಸಿಕ್ಕಿದ ಮೇಲೆ ಕೆಲಸ ಸಿಗಲಿಲ್ಲ. ಎಲ್ಲಿ ಹೋದರೂ ಎರಡು ವರ್ಷದ ಅನುಭವ ಕೇಳುತ್ತಾರೆ. ಹೊಸ ಹುಡುಗನಿಗೆ ಇನ್ಶೂರೆನ್ಸ್ ದುಬಾರಿ. ಅಮೆರಿಕದ ಲೋಡ್ ಕೊಡಲೂ ಆಗದು, ಗಡಿ ದಾಟಿ ಟ್ರಕ್ ಓಡಿಸಲು 21 ಆಗಿರಬೇಕು. ಈ ಹೊತ್ತಿನಲ್ಲೇ ಹುಡುಗರು ಮೋಸ ಹೋಗುವುದು. ನನಗೂ ಒಂದು ಕಡೆ, ‘ನಿನ್ನ ಹೆಸರಲ್ಲಿ ಕಂಪನಿ ಮಾಡಿಕೋ, ತೆರಿಗೆ ಹಿಡಿಯದೆ ಪೂರ್ತಿ ದುಡ್ಡು ಕೈಗೇ ಕೊಡುತ್ತೇವೆ’ ಅಂದರು. ಕೇಳಲು ಚೆನ್ನಾಗಿರುತ್ತದೆ. ಆದರೆ ಓಡಿಸುವುದು ಅವರ ಟ್ರಕ್, ಹೋಗುವುದು ಅವರು ಹೇಳಿದ ಕಡೆಗೆ. ಕಾಗದದ ಮೇಲೆ ನೀವು ನೌಕರರೇ ಅಲ್ಲ, ಹಾಗಾಗಿ ರಜೆಯ ಸಂಬಳ ಇಲ್ಲ, ಕೆಲಸ ಹೋದರೆ ನಿರುದ್ಯೋಗ ವಿಮೆಯೂ ಇಲ್ಲ. ದಯವಿಟ್ಟು ಇದಕ್ಕೆ ಒಪ್ಪಬೇಡಿ. ನಾನು ಮೂರು ತಿಂಗಳು ಗೋದಾಮಿನಲ್ಲಿ ಪೆಟ್ಟಿಗೆ ಹೊತ್ತೆ. ಆಮೇಲೆ ಒಂದು ಸಣ್ಣ ಕಂಪನಿಯವರು ನೌಕರನಾಗಿಯೇ ಸೇರಿಸಿಕೊಂಡು, ಸಂಬಳದ ಚೀಟಿ ಕೊಟ್ಟು, ಹಿರಿಯ ಡ್ರೈವರ್ ಒಬ್ಬರ ಜೊತೆ ಕಳಿಸಿದರು. ಅವರು ಪಂಜಾಬಿನವರು. ನಾನು ಪಾಜಿ, ಅಂದರೆ ಅಣ್ಣ, ಅನ್ನುತ್ತಿದ್ದೆ, ಅವರು ನನ್ನನ್ನು ಪುತ್ತರ್, ಅಂದರೆ ಮಗನೇ, ಅನ್ನುತ್ತಿದ್ದರು. ಏನೇ ಕಲಿತಿದ್ದರೂ ಅವರಿಂದ.

ನಮ್ಮ ಓಡಾಟ ಟೊರಾಂಟೊದಿಂದ ಪಕ್ಕದ ಪ್ರಾಂತ್ಯದ ವಿನ್ನಿಪೆಗ್‌ಗೆ, ಎರಡು ಸಾವಿರ ಕಿಲೋಮೀಟರ್‌ಗೂ ಮೇಲೆ. ಅದರಲ್ಲಿ ಹೆಚ್ಚಿನದೆಲ್ಲ ಒಂಟಾರಿಯೋದ ಒಳಗೇ. ದಿನಕ್ಕೆ 13 ಗಂಟೆಗಿಂತ ಹೆಚ್ಚು ಓಡಿಸುವಂತಿಲ್ಲ. ಅದನ್ನು ಟ್ರಕ್ಕಿನಲ್ಲಿರುವ ಎಲೆಕ್ಟ್ರಾನಿಕ್ ಲಾಗ್ ಲೆಕ್ಕ ಇಡುತ್ತದೆ. ರಸ್ತೆಯ ಬೋರ್ಡು ಕಿಲೋಮೀಟರಿನಲ್ಲಿ, ನಮ್ಮ ಸಂಬಳ ಓಡಿಸಿದ ಮೈಲಿಯ ಲೆಕ್ಕದಲ್ಲಿ. ಚಕ್ರ ನಿಂತರೆ ಸಂಬಳವೂ ನಿಂತ ಹಾಗೆ.

ಒಬ್ಬನೇ ಹೋಗಲು ಶುರು ಮಾಡಿದ ಮೊದಲ ಚಳಿಗಾಲ. 17ನೇ ಹೆದ್ದಾರಿ, ವಾವಾ ಊರಿನ ಹತ್ತಿರ. ಸುಪೀರಿಯರ್ ಸರೋವರದ ಕಡೆಯಿಂದ ಹಿಮ ಅಡ್ಡಡ್ಡ ಬೀಸುತ್ತಿತ್ತು. ಆಚೆ ಈಚೆ ಒಂದೊಂದೇ ಲೇನು. ಎದುರಿನ ಟ್ರಕ್ ಪಕ್ಕಕ್ಕೆ ಬರುವವರೆಗೂ ಕಾಣುತ್ತಿರಲಿಲ್ಲ. ವಾವಾದಲ್ಲಿ ಒಂದು ಪೆಟ್ರೋಲ್ ಬಂಕಿನ ಜಾಗಕ್ಕೆ ನುಗ್ಗಿಸಿ ನಿಲ್ಲಿಸಿದೆ. ಕಂಪನಿಯಲ್ಲಿ ಲೋಡ್ ಹಂಚುವ ಡಿಸ್ಪ್ಯಾಚರ್ ಫೋನ್ ಮಾಡಿ, ‘ಉಳಿದವರು ಹೋಗುತ್ತಿದ್ದಾರಲ್ಲ? ಬೆಳಗ್ಗೆ ಲೋಡ್ ಮುಟ್ಟಬೇಕು’ ಅಂದರು. ನನ್ನ ಕೈ ನಡುಗುತ್ತಿತ್ತು. ಕೆಲಸ ಹೋಗುತ್ತದೆ ಅಂತ ಭಯ. ಆದರೂ ‘ಇಲ್ಲ ಸರ್, ನಾನು ಹೋಗಲ್ಲ’ ಅಂದೆ. ಸ್ವಲ್ಪ ಹೊತ್ತು ಸುಮ್ನಿದ್ದು ಫೋನ್ ಇಟ್ಟರು.

ಆಮೇಲೆ ಪಾಜಿಗೆ ಫೋನ್ ಮಾಡಿದೆ. ‘ಊಟ ಆಯ್ತಾ?’ ಅಂತ ಕೇಳಿದರು. ಅಷ್ಟೇ. ಎರಡು ಗಂಟೆ ಕಳೆದ ಮೇಲೆ ಪೊಲೀಸರು ಹೆದ್ದಾರಿಯನ್ನೇ ಮುಚ್ಚಿದರು. ಬೆಳಗಾಗುವಷ್ಟರಲ್ಲಿ ನನ್ನ ಹಿಂದೆ ಟ್ರಕ್ಕುಗಳ ಸಾಲು ರಸ್ತೆಯವರೆಗೂ ಬಂದಿತ್ತು. ನನ್ನ ಕೆಲಸ ಹೋಗಲಿಲ್ಲ. ಹಿಮ ನಿಂತ ಮೇಲೆ ಇಳಿದು, ಟೈರು, ದೀಪ, ಬ್ರೇಕು ಎಲ್ಲ ಒಂದು ಸುತ್ತು ನೋಡಿ, ನಿಧಾನವಾಗಿ ಥಂಡರ್ ಬೇ ಕಡೆಗೆ ಹೊರಟೆ.